ಮಳೆ ತಡವಾಯ್ತು, ಕಡಿಮೆ ದಿನದ ರಾಗಿ ಬೀಜ ಎಲ್ಲಿ?

ಮಧುಗಿರಿ ಮಗ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು. ಮಧುಗಿರಿ ಕಡೆ ಅಪ್ಪನ ನಾಲ್ಕು ಎಕರೆ ಇದೆ, ಪೂರ್ತಿ ಮಳೆ ನಂಬಿದ ಹೊಲ. ಹೋದ ವರ್ಷ ನಮಗೆ ಬಿತ್ತನೆ ಹದದ ಮಳೆ ಸಿಕ್ಕಿದ್ದು ಆಗಸ್ಟ್ ಎರಡನೇ ವಾರ. ಮನೆಯಲ್ಲಿ ಎಂಆರ್-1 ಅನ್ನುವ ದೀರ್ಘಾವಧಿ ರಾಗಿ ತಳಿಯ ಬೀಜ ಇತ್ತು. ಹುಲ್ಲು ಚೆನ್ನಾಗಿ ಬರುತ್ತದೆ ಅಂತ ಅಪ್ಪ ಅದನ್ನೇ ಇಟ್ಟುಕೊಳ್ಳುತ್ತಾರೆ. ಇಷ್ಟು ತಡವಾದ ಮೇಲೆ ಅದು ಬೇಡ ಅನ್ನಿಸಿ ನಾನು ಬೀಜ ಕೊಡುವ ಕಡೆ ಹೋಗಿ ಕಡಿಮೆ ದಿನದ ತಳಿ ಕೇಳಿದೆ. "ಖಾಲಿ ಆಗಿದೆ, ಮುಂದಿನ ವಾರ ಬನ್ನಿ" ಅಂದರು. ಹದ ಮುಂದಿನ ವಾರದವರೆಗೆ ಕಾಯುತ್ತದಾ? ಆಗಸ್ಟ್ 15ಕ್ಕೆ ಇದ್ದದ್ದನ್ನೇ ಬಿತ್ತಿದೆವು.

ಪೈರು ನೋಡಲು ಚೆಂದವಾಗಿ ಬಂತು. ತೆನೆ ಹೊರಟಿದ್ದು ನವೆಂಬರ್‌ನಲ್ಲಿ. ಅಷ್ಟರಲ್ಲಿ ನಮ್ಮ ಕಡೆ ಮಳೆ ನಿಂತೇಹೋಗಿತ್ತು. ಕಣದಲ್ಲಿ ತೂರಿದಾಗ ಅರ್ಧಕ್ಕರ್ಧ ಜೊಳ್ಳು.

ಫೋನ್‌ನಲ್ಲಿ ಹವಾಮಾನದ ಮೂರು ಆ್ಯಪ್ ಇವೆ. ಊರಿಗೆ ಡ್ರೋನ್ ಬಂದು ಹಾರಿ ತೋರಿಸಿ ಹೋಯಿತು, ಮಕ್ಕಳೆಲ್ಲ ಓಡಿ ಹೋಗಿ ನೋಡಿದರು. ಆದರೆ ಬೇಕಾಗಿದ್ದ ಇಪ್ಪತ್ತು ಕೆಜಿ ಬೀಜ ಬೇಕಾದ ದಿನ ಇರಲಿಲ್ಲ. ಸಂಶೋಧನೆ, ತಂತ್ರಜ್ಞಾನ ಅಂತ ಇಷ್ಟೆಲ್ಲ ಆಗುತ್ತದಲ್ಲ, ಅದರಲ್ಲಿ ನಿಮ್ಮ ಹೊಲಕ್ಕೆ ನಿಜವಾಗಿ ಉಪಯೋಗ ಆಗಿದ್ದು ಯಾವುದು? ಈ ಸಲ ನಾನು ಏನು ಮಾಡಲಿ?

ಸುಮ್ನೆ ಕೇಳ್ದೆ

ರಾಗಿ ಬಿಟ್ಟು ಅಡಿಕೆ ಹಾಕಿ ಬ್ರದರ್. ಎಲ್ಲರೂ ಅದನ್ನೇ ಮಾಡುತ್ತಿದ್ದಾರೆ.

ಮಧುಗಿರಿ ಮಗ

ಪಕ್ಕದ ತೋಟದವರು ಮೂರನೇ ಬೋರ್ ಕೊರೆಸುತ್ತಿದ್ದಾರೆ ಅಣ್ಣ. ನಮಗೆ ಅಷ್ಟು ಧೈರ್ಯವೂ ಇಲ್ಲ, ದುಡ್ಡೂ ಇಲ್ಲ.

ಮಾಗಡಿ ತಾತ

ಮಗಾ, ನಿನ್ನ ಅಪ್ಪನಿಗೆ ಗೊತ್ತಿಲ್ಲದ್ದೇನಲ್ಲ ಇದು. ನಾವು ತಡವಾಗಿ ಬಲಿಯುವ ದೊಡ್ಡ ರಾಗಿಯನ್ನು ಆರಿದ್ರಾ, ಪುನರ್ವಸು ಮಳೆಗೆ ಹಾಕುತ್ತಿದ್ದೆವು. ಪುಷ್ಯ, ಆಶ್ಲೇಷ ದಾಟಿತು ಅಂದರೆ ಕೈಗೆ ಬೇಗ ಬಲಿಯುವ ಚಿಕ್ಕ ರಾಗಿ ಬರುತ್ತಿತ್ತು. ಪ್ರತಿ ಮನೆಯಲ್ಲೂ ಎರಡು ಮೂರು ಥರದ ಬೀಜ ಇರುತ್ತಿತ್ತು. ಗಡಿಗೆಗೆ ಬೂದಿ ಬೆರೆಸಿ ಬಾಯಿಗೆ ಸಗಣಿ ಮೆತ್ತಿ ಇಡುತ್ತಿದ್ದರು. ಈಗ ಎಲ್ಲರ ಮನೆಯಲ್ಲೂ ಒಂದೇ ತಳಿ. ಬೀಜ ಯಾರದೋ ಕೋಣೆಯಲ್ಲಿ, ಅದರ ಬೀಗದ ಕೈ ಇನ್ಯಾರದೋ ಜೇಬಲ್ಲಿ.

"ಬಂದರೆ ಮಘೆ, ಹೋದರೆ ಹೊಗೆ" ಅಂತ ಗಾದೆ ಇದೆ ನೋಡು. ಮಘೆ ಮಳೆ ಆಗಸ್ಟ್ ಕೊನೆಗೆ. ಆ ಹೊತ್ತಿಗೆ ಪೈರು ಬುಡದಲ್ಲಿ ಕವಲು ಬಿಟ್ಟು ತೆಂಡೆ ಒಡೆದಿರಬೇಕು. ನೀನು ಬಿತ್ತಿದ್ದೇ ಆಗ.

ಬೀಜದ ಹುಡುಗಿ

ಕೃಷಿ ಓದಿದವಳು, ಈಗ ತಳಿ ಅಭಿವೃದ್ಧಿಯ ಕೆಲಸದಲ್ಲಿದ್ದೇನೆ. ತಾತ ನಕ್ಷತ್ರದಲ್ಲಿ ಹೇಳಿದ್ದನ್ನು ಕ್ಯಾಲೆಂಡರ್‌ನಲ್ಲಿ ಹೇಳುತ್ತೇನೆ. ಎರಡೂ ಒಂದೇ ಲೆಕ್ಕ.

ಎಂಆರ್-1 ಸುಮಾರು 125 ದಿನದ ತಳಿ. ಆಗಸ್ಟ್ 15ಕ್ಕೆ ಬಿತ್ತಿದರೆ ಕೊಯ್ಲು ಡಿಸೆಂಬರ್ 18ರ ಹತ್ತಿರ. ತೆನೆ ಬರುವುದು ನವೆಂಬರ್ ಮೊದಲ ವಾರ. ಅಂದರೆ ಸ್ವಾತಿ ಮಳೆಯೂ ಮುಗಿಯುವ ಹೊತ್ತು. ಕಾಳು ಕಟ್ಟುವಾಗ ನೆಲದಲ್ಲಿ ಪಸೆ ಇರುವುದಿಲ್ಲ, ಮೇಲೆ ಚಳಿ ಬೇರೆ. ಜೊಳ್ಳಾಗಿದ್ದು ಅದಕ್ಕೇ. ಅದೇ ದಿನ 95 ದಿನದ ತಳಿ ಹಾಕಿದ್ದರೆ ಅಕ್ಟೋಬರ್ ಮಧ್ಯದಲ್ಲಿ ತೆನೆ ಹೊರಡುತ್ತಿತ್ತು. ಚಿತ್ತೆ ಮಳೆ ಒಂದು ಸಿಕ್ಕರೂ ಕಾಳು ತುಂಬುತ್ತಿತ್ತು.

ನಮ್ಮ ಕೃಷಿ ವಿಶ್ವವಿದ್ಯಾಲಯದ ಶಿಫಾರಸಿನಲ್ಲಿ ಇದು ವರ್ಷಗಳಿಂದ ಇದೆ. ಬೇಗ ಬಿತ್ತುವುದಾದರೆ ಎಂಆರ್-1, ಎಂಆರ್-6 ಥರದ ದೀರ್ಘಾವಧಿ ತಳಿ. ಜುಲೈ ಆದರೆ ಜಿಪಿಯು-28, ಎಂಎಲ್-365. ಆಗಸ್ಟ್‌ಗೆ ಹೋದರೆ ಜಿಪಿಯು-26, ಜಿಪಿಯು-48, ಇಂಡಾಫ್-9. ಮಳೆ ಎಷ್ಟು ತಡವಾದರೆ ಯಾವುದನ್ನು ಬಿತ್ತಬೇಕು ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕಾಗಿದೆ. ಆ ಉತ್ತರ ಚೀಲದಲ್ಲಿ ತುಂಬಿ ಹೋಬಳಿಗೆ ಬರುವುದರಲ್ಲೇ ತೊಂದರೆ ಇರುವುದು. ಬೀಜ ಬೆಳೆಸುವವರು ಒಂದು ವರ್ಷ ಮೊದಲೇ ಯಾವ ತಳಿ ಎಷ್ಟು ಅಂತ ತೀರ್ಮಾನ ಮಾಡಬೇಕು. ಜನ ಜಾಸ್ತಿ ಕೇಳುವುದು ಜಿಪಿಯು-28. ಆಗಸ್ಟ್ ತಳಿ ಬೆಳೆಸಿಟ್ಟು, ಮಳೆ ಜೂನ್‌ನಲ್ಲೇ ಬಂದುಬಿಟ್ಟರೆ ಅಷ್ಟೂ ಹಾಗೇ ಉಳಿಯುತ್ತದೆ. ಆ ನಷ್ಟ ಯಾರ ತಲೆಗೆ? ಅದಕ್ಕೇ ಯಾರೂ ಜಾಸ್ತಿ ಬೆಳೆಸುವುದಿಲ್ಲ.

ಡೈರಿ ಅಕ್ಕ

ಬೀಜದ ಹುಡುಗಿ, ನೀವು ಹೇಳಿದ್ದೆಲ್ಲ ಸರಿ. ಆದರೆ ಹುಲ್ಲಿನ ಮಾತೇ ಬರಲಿಲ್ಲ ನೋಡಿ.

ನನಗೆ ಎರಡು ಎಕರೆ, ಮೂರು ಹಸು. ಕನಕಪುರ ಕಡೆ. ರಾಗಿ ಮುದ್ದೆಗೆ, ಹುಲ್ಲು ಹಸುವಿಗೆ. ಹಾಲು ಡೈರಿಗೆ ಹಾಕಿದ ದುಡ್ಡಲ್ಲೇ ಮನೆ ನಡೆಯುವುದು. ಚಿಕ್ಕ ರಾಗಿ ಹಾಕಿದರೆ ಹುಲ್ಲಿನ ಮೆದೆ ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಹುಲ್ಲು ಕೊಂಡು ಹಾಕಿದರೆ ಹಾಲಿನ ದುಡ್ಡು ಅದಕ್ಕೇ ಸರಿಹೋಗುತ್ತದೆ. ಮಧುಗಿರಿಯವರ ಅಪ್ಪ ಎಂಆರ್-1 ಬಿಡದಿರುವುದು ಹಟಕ್ಕಲ್ಲ. ನೀವು ಎಕರೆಗೆ ಎಷ್ಟು ಕ್ವಿಂಟಾಲ್ ಕಾಳು ಅಂತ ನೋಡುತ್ತೀರಿ. ನಾವು ಕಾಳು, ಹುಲ್ಲು ಎರಡನ್ನೂ ನೋಡುತ್ತೇವೆ.

ಇನ್ನೊಂದು. ಮಳೆ ಬರದಿರುವುದೊಂದೇ ತೊಂದರೆ ಅಲ್ಲ. 2021ರ ನವೆಂಬರ್ ನೆನಪಿದೆಯಾ? ಕೊಯ್ದು ಹಾಕಿದ್ದ ರಾಗಿ ಹೊಲದಲ್ಲೇ ಮೊಳಕೆ ಬಂತು. ಹುಲ್ಲು ಕಪ್ಪಾಗಿ ಕೊಳೆತು ಹಸು ಮೂಸಿಯೂ ನೋಡಲಿಲ್ಲ. ಆ ವರ್ಷ ಬೇಗ ಬಿತ್ತಿ ಬೇಗ ಬಲಿತವರೇ ಜಾಸ್ತಿ ಕಳೆದುಕೊಂಡರು ನಮ್ಮೂರಲ್ಲಿ. ನಮ್ಮದು ಇನ್ನೂ ಹಸಿರಾಗಿತ್ತು, ಬಚಾವಾಯಿತು.

ಬೀಜದ ಹುಡುಗಿ

ಒಪ್ಪಿದೆ ಅಕ್ಕ. ಹುಲ್ಲಿನ ವಿಷಯ ಪ್ರಯೋಗ ತಾಕುಗಳಲ್ಲಿ ಅಳೆಯುತ್ತಾರೆ, ವರದಿಯಲ್ಲೂ ಇರುತ್ತದೆ. ರೈತರಿಗೆ ಹೇಳುವಾಗ ಮಾತ್ರ ಬಿಟ್ಟುಹೋಗುತ್ತದೆ. ನಾನೂ ಬಿಟ್ಟೆ.

ಲೆಕ್ಕದ ಮನುಷ್ಯ

ಇವೆಲ್ಲಕ್ಕೂ ವಿಮೆ ಇದೆಯಲ್ಲ? ಮುಂಗಾರಿನ ಆಹಾರ ಬೆಳೆಗೆ ರೈತರು ಕಟ್ಟುವುದು ವಿಮಾ ಮೊತ್ತದ ಬರೀ 2 ಪರ್ಸೆಂಟ್. ಕಟ್ಟಿ ನೆಮ್ಮದಿಯಾಗಿರಿ.

ಮಧುಗಿರಿ ಮಗ

ಕಟ್ಟಿದ್ದೆ ಸರ್. ಏನೂ ಬರಲಿಲ್ಲ.

ಹೋಬಳಿ ಹವಾಮಾನ

ಯಾಕೆ ಬರಲಿಲ್ಲ ಅಂತ ನಾನು ಹೇಳುತ್ತೇನೆ. ಮಳೆ ಕೈಕೊಟ್ಟು ಇಳುವರಿ ಹೋದರೆ ರಾಗಿಗೆ ವಿಮೆ ನಿಮ್ಮ ಹೊಲ ನೋಡಿ ಕೊಡುವುದಲ್ಲ. ಇಡೀ ಗ್ರಾಮ ಪಂಚಾಯಿತಿಗೆ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರೆ. ಗುರುತು ಮಾಡಿದ ಜಾಗದಲ್ಲಿ ಕೊಯ್ದು, ಬಡಿದು, ತೂಗುತ್ತಾರೆ. ಆ ಸರಾಸರಿ ಹಿಂದಿನ ವರ್ಷಗಳ ಇಳುವರಿ ಮೇಲೆ ನಿಗದಿ ಮಾಡಿದ ಮಟ್ಟಕ್ಕಿಂತ ಕಡಿಮೆ ಇದ್ದರೆ ಮಾತ್ರ ಪಂಚಾಯಿತಿಯ ಎಲ್ಲರಿಗೂ ಪರಿಹಾರ. ನಿಮ್ಮ ಪಕ್ಕದ ಊರಿನವರು ಜುಲೈ ಮಳೆಗೇ ಬಿತ್ತಿ ಚೆನ್ನಾಗಿ ಬೆಳೆದಿದ್ದರೆ ನಿಮ್ಮ ಜೊಳ್ಳು ಲೆಕ್ಕಕ್ಕೇ ಬರುವುದಿಲ್ಲ. ಇಡೀ ಸೀಮೆಗೆ ಬರ ಬಿದ್ದ ವರ್ಷ ವಿಮೆ ಕೈ ಹಿಡಿಯಬಹುದು. ಮಳೆ ಇಲ್ಲದೆ ಒಬ್ಬನ ಹೊಲ ಮಾತ್ರ ಹೋದರೆ ಇಲ್ಲ.

ಮಳೆ ಮಾಹಿತಿಯ ಬಗ್ಗೆ ನಮ್ಮ ರಾಜ್ಯವನ್ನು ಸ್ವಲ್ಪ ಹೊಗಳಲೇಬೇಕು. 1988ರಲ್ಲೇ ಇಲ್ಲಿ ಬರ ಉಸ್ತುವಾರಿ ಕೋಶ ಅಂತ ಶುರುವಾಯಿತು. ದೇಶದಲ್ಲಿ ಆ ಥರದ್ದು ಅದೇ ಮೊದಲು. ಅದೇ ಈಗಿನ ಕೆಎಸ್‌ಎನ್‌ಡಿಎಂಸಿ, ಅಂದರೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಹೋಬಳಿಗೆ ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೆ ಮಳೆಮಾಪಕ ಇಟ್ಟಿದ್ದಾರೆ. ಎಲ್ಲಾ ತಾನಾಗೇ ಅಳೆದು ಮಾಹಿತಿ ಕಳಿಸುತ್ತವೆ. ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ಊರಿನ ಹೆಸರು ಹೇಳಿದರೆ ಮುಂದಿನ ಕೆಲವು ದಿನದ ಮಳೆ ಅಂದಾಜು ಕನ್ನಡದಲ್ಲೇ ಹೇಳುತ್ತಾರೆ. ಆ್ಯಪ್ ಒತ್ತಲು ಬಾರದವರಿಗೂ ಆಗುತ್ತದೆ. ನಾನು ಔಷಧಿ ಹೊಡೆಯುವ ಮುಂಚೆ, ಕೊಯ್ಯುವ ಮುಂಚೆ ತಪ್ಪದೆ ಕೇಳುತ್ತೇನೆ. ಇಲ್ಲಿಯವರೆಗೆ ನನ್ನ ಹೊಲಕ್ಕೆ ನಿಜವಾಗಿ ದುಡ್ಡು ಉಳಿಸಿದ ತಂತ್ರಜ್ಞಾನ ಇದೊಂದೇ.

ಬೇಜಾರಿನ ಸಂಗತಿಯೂ ಇದೆ. ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಹವಾಮಾನ ನೋಡಿ ಬೆಳೆ ಸಲಹೆ ಬರೆಯುವ ಘಟಕಗಳಿದ್ದವು. ದೇಶದಲ್ಲಿ 199 ಇದ್ದವು. 2024ರಲ್ಲಿ ಅವುಗಳನ್ನು ಮುಚ್ಚಲು ಆದೇಶ ಆಯಿತು. ನಾಳೆ ಮಳೆ ಬರುತ್ತದೆ ಅನ್ನುವುದನ್ನು ಫೋನೇ ಹೇಳುತ್ತದೆ. ಮಳೆ ಬರುತ್ತದೆ, ಆದ್ದರಿಂದ ನೀನು ಯೂರಿಯಾ ಈವತ್ತು ಹಾಕಬೇಡ ಅಂತ ಹೇಳುವವರು ಬೇಕಲ್ಲ?

ಸುಮ್ನೆ ಕೇಳ್ದೆ

ರಾಗಿ ಬೆಳೆದು ಯಾರು ಉದ್ಧಾರ ಆಗಿದ್ದಾರೆ ಅಂತ ಇಷ್ಟು ತಲೆ ಕೆಡಿಸಿಕೊಳ್ಳುತ್ತೀರಿ?

ಮಾಗಡಿ ತಾತ

2023 ಮರೆತೆಯಾ ಅಪ್ಪಾ? ರಾಜ್ಯದ 236 ತಾಲ್ಲೂಕಲ್ಲಿ 223 ಬರ ಅಂತ ಘೋಷಣೆ ಆಯಿತು. ನಮ್ಮ ಮನೆಯಲ್ಲಿ ಹಿಂದಿನ ವರ್ಷದ ಹದಿನೈದು ಮೂಟೆ ರಾಗಿ ಇತ್ತು. ಒಂದು ಕಾಳು ಹುಳ ಹಿಡಿದಿರಲಿಲ್ಲ. ನನ್ನ ಅಪ್ಪನ ಕಾಲದಲ್ಲಿ ಹಗೇವು ಇತ್ತು. ನೆಲದೊಳಗೆ ಬಾವಿ ಥರ ತೋಡಿ, ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಮೊದಲ ದಿನ ಚಪ್ಪಡಿ ಸರಿಸಿ ಗಾಳಿ ಆಡಲು ಬಿಡಬೇಕು. ತಕ್ಷಣ ಇಳಿದರೆ ಉಸಿರು ಕಟ್ಟಿ ಸಾಯುತ್ತಾರೆ. ಅಕ್ಕಿಯನ್ನು ಹಾಗೆ ಇಟ್ಟು ನೋಡು.

ಸುಮ್ನೆ ಕೇಳ್ದೆ

ಸರಿ ತಾತ, ಸುಮ್ನೆ ಕೇಳಿದೆ.

ನೈರೋಬಿ ಕನ್ನಡಿಗ

ದೂರದಿಂದ ಒಂದು ಮಾತು. ನಾನು ಕೀನ್ಯಾಗೆ ಬಂದು ಎಂಟು ವರ್ಷ. ಇಲ್ಲಿ ರಾಗಿಗೆ ವಿಂಬಿ ಅನ್ನುತ್ತಾರೆ. ಬೆಳಗ್ಗೆ ಉಜಿ ಅಂತ ಗಂಜಿ ಮಾಡಿ ಕುಡಿಯುತ್ತಾರೆ, ನಮ್ಮ ಅಂಬಲಿಯ ತಂಗಿ. ಮೊದಲ ಸಲ ಸಂತೆಯಲ್ಲಿ ರಾಗಿ ರಾಶಿ ನೋಡಿ ನನಗೆ ಕಣ್ಣಲ್ಲಿ ನೀರು ಬಂದಿತ್ತು. ರಾಗಿಯ ತವರು ಈ ಕಡೆಯ ಎತ್ತರದ ಪ್ರದೇಶವೇ ಅಂತ ಆಮೇಲೆ ತಿಳಿಯಿತು. ಇಲ್ಲಿನ ರೈತರಿಗೂ ಶಿಲೀಂಧ್ರದಿಂದ ಬರುವ ಬೆಂಕಿ ರೋಗ ದೊಡ್ಡ ತಲೆನೋವು. ಜೊತೆಗೆ ಸ್ಟ್ರೈಗಾ ಅಂತ ಬೇರಿಗೆ ಅಂಟಿ ರಸ ಹೀರುವ ಕಳೆ.

ಬೀಜದ ಹುಡುಗಿ

ನೈರೋಬಿ ಅಣ್ಣ, ನಮ್ಮ ಇಂಡಾಫ್ ತಳಿಗಳ ಅರ್ಧ ರಕ್ತ ನಿಮ್ಮ ಕಡೆಯದೇ. ಹೆಸರಲ್ಲೇ ಇದೆ: ಇಂಡಿಯಾದ ಇಂಡ್, ಆಫ್ರಿಕಾದ ಆಫ್. ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿ ಜೊತೆ ಬೆರೆಸಿ ಮಾಡಿದ್ದು. ರಾಗಿ ಹೂವು ಎಷ್ಟು ಚಿಕ್ಕದೆಂದರೆ ಬರಿಗಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ. ಅದರ ಮೇಲೆ ತನ್ನ ಪರಾಗ ತನಗೇ ಬಿದ್ದು ಕಾಳಾಗುತ್ತದೆ. ಅಂಥ ಹೂವನ್ನು ಹಿಡಿದು ಎರಡು ಖಂಡದ ರಾಗಿಗೆ ಮದುವೆ ಮಾಡಿಸುವುದು ಸುಮ್ಮನೆ ಮಾತಲ್ಲ. 1970ರ ದಶಕದಿಂದ ಒಂದೊಂದಾಗಿ ಆ ತಳಿಗಳು ಹೊಲಕ್ಕೆ ಬಂದವು. ಮಂಡ್ಯದ ಕಡೆ ಈಗಲೂ ಅವರನ್ನು ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯುತ್ತಾರೆ.

ಆಮೇಲೆ ಬಂದ ಜಿಪಿಯು-28 ಬೆಂಕಿ ರೋಗ ತಡೆದುಕೊಂಡಿದ್ದಕ್ಕೇ ಇಷ್ಟು ಹಬ್ಬಿದ್ದು. 2017ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಶೈಲಜಾ ಹಿತ್ತಲಮನಿ ಅವರ ತಂಡ ಎಂಎಲ್-365 ತಳಿಯ ಇಡೀ ಜೀನೋಮ್, ಅಂದರೆ ಅದರ ಪೂರ್ತಿ ಆನುವಂಶಿಕ ಮಾಹಿತಿ, ಓದಿ ಪ್ರಕಟಿಸಿತು. ಬರ ಬಂದಾಗ ಗಿಡದ ಒಳಗೆ ಯಾವ ಯಾವ ಜೀನ್ ಎಚ್ಚರವಾಗುತ್ತವೆ ಅಂತ ನೋಡಲು ಅದು ದಾರಿ. ನಾಳೆಯೇ ಫಲ ಸಿಗುವ ಕೆಲಸ ಅಲ್ಲ. ಆದರೆ ಇಂಥ ಕೆಲಸ ಇಲ್ಲದಿದ್ದರೆ ಇನ್ನು ಹತ್ತು ವರ್ಷಕ್ಕೆ ಮಾಗಡಿ ತಾತನಿಗೂ ಹೊಸ ಬೀಜ ಸಿಗುವುದಿಲ್ಲ.

ಈಗ ಮುಖ್ಯ ವಿಷಯ. ತನ್ನ ಪರಾಗ ತನಗೇ ಬೀಳುತ್ತದೆ ಅಂದೆನಲ್ಲ, ಅದು ರೈತರಿಗೆ ವರ. ಹೈಬ್ರಿಡ್ ಜೋಳದ ಥರ ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿಲ್ಲ. ಒಮ್ಮೆ ಒಳ್ಳೆಯ ಬೀಜ ತಂದು, ಬೆರಕೆ ಗಿಡ ಕಿತ್ತು ಹಾಕುತ್ತಾ ಬಂದರೆ ಮೂರು ನಾಲ್ಕು ವರ್ಷ ಅದೇ ಬೀಜ ನಡೆಯುತ್ತದೆ. ಆದ್ದರಿಂದ ಕಡಿಮೆ ದಿನದ ತಳಿ ಊರಲ್ಲೇ ಇರಬೇಕು. ಸಂಘದಲ್ಲೋ, ಯಾರದಾದರೂ ಅಟ್ಟದ ಮೇಲೋ. ಮಳೆ ತಡವಾದ ವರ್ಷ ಬಿತ್ತಿ. ಇಲ್ಲದ ವರ್ಷ ಕಾಲು ಎಕರೆಯಲ್ಲಿ ಹಾಕಿ ಬೀಜ ಹೊಸದು ಮಾಡಿಕೊಳ್ಳಿ.

ಹಾವೇರಿ ಕೊರಡು

ಅಣ್ಣಾರ, ಎಲ್ಲರೂ ಬಿತ್ತೋ ಮಾತೇ ಆಡಾಕತ್ತೀರಿ. ನಾಟಿ ಮಾಡಿದರೆ ಏನು? ನಮ್ಮ ಕಡೆ ಗುಳಿ ರಾಗಿ ಪದ್ಧತಿ ಐತಿ. ನಮ್ಮ ಹಿರಿಯರದೇ ತಂತ್ರ, ವಿಜ್ಞಾನಿಗಳು ಆಮೇಲೆ ಬಂದು ಅಳೆದು ನೋಡಿದರು.

ಹೊಲಕ್ಕೆ ಅಡ್ಡ ಉದ್ದ ಒಂದೂವರೆ ಅಡಿಗೆ ಸಾಲು ಎಳೆಯಬೇಕು. ಸಾಲು ಕೂಡುವ ಕಡೆ ಗುಳಿ ಮಾಡಿ, ಒಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, 20–25 ದಿನದ ಎರಡು ಸಸಿ ಇಡಬೇಕು. ಆಮೇಲೆ ಎರಡೂ ಕಡೆಯಿಂದ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹೊಡೆಯಬಹುದು, ಕೈಯಲ್ಲಿ ಕಳೆ ಕೀಳುವ ಕೆಲಸ ಬಹಳ ಕಡಿಮೆ ಆಗುತ್ತದೆ. ಸಸಿ ಬೇರು ಹಿಡಿದ ಮೇಲೆ ಪೈರಿನ ಮೇಲೆ ಕೊರಡು, ಅಂದರೆ ಮರದ ದಿಮ್ಮಿ, ಎಳೆಯುತ್ತೇವೆ. ಮೊದಲ ಸಲ ನೋಡಿದವರು "ಬೆಳೆ ಹಾಳು ಮಾಡಾಕತ್ತಾರ" ಅಂತ ಬೈಯುತ್ತಾರೆ. ಬಾಗಿದ ಪೈರು ಬುಡದಲ್ಲಿ ಬೇರು ಬಿಟ್ಟು, ತೆಂಡೆ ಒಡೆದು, ಪೊದೆ ಆಗುತ್ತದೆ.

ಮಧುಗಿರಿಯವರಿಗೆ ಇದರಿಂದ ಏನು ಲಾಭ ಅಂದರೆ, ಹೊಲಕ್ಕೆ ಮಳೆ ಬರುವ ಮುಂಚೆಯೇ ಸಸಿ ಮಡಿ ಮಾಡಿಟ್ಟುಕೊಳ್ಳಬಹುದು. ಒಂದು ಟ್ಯಾಂಕರ್ ನೀರು ಸಾಕು. ಮಳೆ ಬಂದ ದಿನ ನಿಮ್ಮ ಪೈರಿಗೆ ಆಗಲೇ ಮೂರು ವಾರದ ವಯಸ್ಸು.

ಡೈರಿ ಅಕ್ಕ

ನಾಲ್ಕು ಎಕರೆಗೆ ನಾಟಿ ಮಾಡಲು ಆಳು ಎಲ್ಲಿ ಅಣ್ಣ? ಒಂದೇ ದಿನ ಇಡೀ ಊರಿಗೆ ಹದ ಬರುತ್ತದೆ. ಆವತ್ತು ಹೆಣ್ಣಾಳು ಸಿಗುವುದೇ ಇಲ್ಲ. ಸಿಕ್ಕರೂ ಅವರ ಕೂಲಿ, ಊಟ, ಆಟೋ ಬಾಡಿಗೆ ಸೇರಿಸಿ ನೋಡಿ. ಪದ್ಧತಿ ಒಳ್ಳೆಯದೇ. ಅರ್ಧ ಎಕರೆಗೆ ಮನೆಯವರೇ ಸೇರಿ ಮಾಡಬಹುದು. ಅದಕ್ಕಿಂತ ಜಾಸ್ತಿ ನನ್ನ ಕೈಲಾಗಲ್ಲ.

ಹಾವೇರಿ ಕೊರಡು

ಅದು ಖರೆ ಐತಿ ಅಕ್ಕಾರ. ನಮ್ಮಲ್ಲೂ ಈಗ ಮಾಡುವವರು ಕಡಿಮೆ ಆಗ್ಯಾರ. ನಾನೂ ಒಂದು ಎಕರೆಗೆ ನಿಲ್ಲಿಸೇನಿ.

ಹೋಬಳಿ ಹವಾಮಾನ

ಹೊಲದಲ್ಲೇ ಮಳೆ ನೀರು ಹಿಡಿದಿಡುವ ಕೃಷಿ ಹೊಂಡದ ಬಗ್ಗೆ ಯಾರೂ ಮಾತಾಡಲಿಲ್ಲ. 2014ರಲ್ಲಿ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದಾಗ ನಾನೂ ತೋಡಿಸಿದೆ. ಹೊಂಡದ ನೀರಲ್ಲಿ ಇಡೀ ಬೆಳೆ ಬೆಳೆಯಲು ಹೋಗಬೇಡಿ. ತೆನೆ ಹೊರಡುವಾಗ ಒಂದು ಸಲ ಹಾಯಿಸಿದರೆ ಸಾಕು, ಜೊಳ್ಳು ತಪ್ಪುತ್ತದೆ. ಸುತ್ತ ಬೇಲಿ ಹಾಕುವುದನ್ನು ಮಾತ್ರ ಮರೆಯಬೇಡಿ. ಪ್ಲಾಸ್ಟಿಕ್ ಹಾಸು ಜಾರುತ್ತದೆ. ಮಕ್ಕಳು, ದನ ಬಿದ್ದರೆ ಮೇಲೆ ಬರಲು ಆಗುವುದಿಲ್ಲ.

ಲೆಕ್ಕದ ಮನುಷ್ಯ

ಬೆಲೆಯೂ ಹೇಳಿಬಿಡುತ್ತೇನೆ. ರಾಗಿ ಬೆಂಬಲ ಬೆಲೆ 2023–24ರಲ್ಲಿ ಕ್ವಿಂಟಾಲ್‌ಗೆ 3,846 ರೂಪಾಯಿ ಇತ್ತು. 2025–26ಕ್ಕೆ 4,886 ಆಯಿತು. ಸರ್ಕಾರದ ರೈತ ನೋಂದಣಿ ಸಂಖ್ಯೆ ಫ್ರೂಟ್ಸ್ ಐಡಿ ಸರಿ ಇದೆಯಾ, ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ಬಂದಿದೆಯಾ ಅಂತ ಈಗಲೇ ನೋಡಿಕೊಳ್ಳಿ. ಮಾರುವ ದಿನ ನೋಡಿದರೆ ಕೆಲಸ ಕೆಟ್ಟಿತು.

ಮಧುಗಿರಿ ಮಗ

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಡೈರಿ ಅಕ್ಕನ ಮಾತಿಗೆ "ಹ್ಞೂಂ" ಅಂದರು. ಬೀಜದ ಹುಡುಗಿಯ ತಾರೀಖು ಲೆಕ್ಕ ಕೇಳಿ ಸುಮ್ಮನಾದರು. ಆಮೇಲೆ ಬೆರಳು ಮಡಚಿ ನಕ್ಷತ್ರ ಎಣಿಸಿ "ಹುಡುಗಿ ಸರಿಯಾಗಿ ಹೇಳಿದ್ದಾಳೆ" ಅಂದರು.

ಹೀಗೆ ಮಾಡೋಣ ಅಂತಿದ್ದೇವೆ. ಜುಲೈ ಹತ್ತರೊಳಗೆ ಹದ ಬಂದರೆ ಮೂರು ಎಕರೆಗೆ ಎಂಆರ್-1. ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಅವರೆ, ತೊಗರಿ. ಬರದಿದ್ದರೆ ಎಂಆರ್-1 ಒಂದೇ ಎಕರೆಗೆ, ಹುಲ್ಲಿಗೆ ಅಂತ. ಕಾಳು ಸಿಕ್ಕರೆ ಸಿಕ್ಕಿತು. ಎರಡು ಎಕರೆಗೆ ಕಡಿಮೆ ದಿನದ ರಾಗಿ. ಅರ್ಧ ಎಕರೆ ಗುಳಿ ರಾಗಿ ಮಾಡಿ ನೋಡುತ್ತೇವೆ, ನಾನು ರಜೆ ಹಾಕಿ ಬರುತ್ತೇನೆ. ಉಳಿದ ಅರ್ಧ ಎಕರೆ ಹುರುಳಿ. ಆದರೆ ಮತ್ತೆ ಅದೇ ಪ್ರಶ್ನೆ, ಜಿಪಿಯು-48 ಬೀಜ ಎಲ್ಲಿ? ಮೊನ್ನೆಯೂ ಕೇಳಿದೆ, ಇನ್ನೂ ಬಂದಿಲ್ಲ.

ಮಾಗಡಿ ತಾತ

ನನ್ನ ಹತ್ತಿರ ಇದೆ. ಎರಡು ವರ್ಷದಿಂದ ಇಟ್ಟಿದ್ದೇನೆ. ಹತ್ತು ಕೆಜಿ ಕೊಡುತ್ತೇನೆ, ದುಡ್ಡು ಬೇಡ. ಬೆಳೆದ ಮೇಲೆ ಇಪ್ಪತ್ತು ಕೆಜಿ ವಾಪಸ್ ಕೊಡು. ಹಿಂದೆಲ್ಲ ಹಾಗೇ ಇತ್ತು.

ಬೀಜದ ಹುಡುಗಿ

ತಾತ, ಕೊಡುವ ಮುಂಚೆ ಮೊಳಕೆ ಪರೀಕ್ಷೆ ಮಾಡಿ. ನೂರು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದಲ್ಲಿ 75ಕ್ಕಿಂತ ಕಡಿಮೆ ಮೊಳೆತರೆ ಬೀಜಕ್ಕೆ ಬೇಡ, ಮುದ್ದೆಗೆ ಆಗುತ್ತದೆ.

ಮಧುಗಿರಿಯವರೇ, ಬಿತ್ತುವ ಮುಂಚೆ ಬೀಜ ಹದ ಮಾಡಿಕೊಳ್ಳಿ. ಕೆಜಿಗೆ ಒಂದು ಲೀಟರ್ ನೀರು, ಆರು ಗಂಟೆ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಎರಡು ದಿನ ಕಟ್ಟಿಡಿ. ಮೂತಿ ಬಿಳಿ ಕಾಣುತ್ತಿದ್ದಂತೆ ನೆರಳಲ್ಲಿ ಒಣಗಿಸಿ. ಬಿತ್ತಿದ ಮೇಲೆ ಮಳೆ ಒಂದು ವಾರ ಕೈಕೊಟ್ಟರೂ ಸ್ವಲ್ಪ ತಡೆಯುತ್ತದೆ.

ಮಾಗಡಿ ತಾತ

ನೂರಲ್ಲ, ಮೊಮ್ಮಗಳ ಕೈಲಿ ಇನ್ನೂರು ಎಣಿಸಿದ್ದೇನೆ. ಈವತ್ತು ಐದನೇ ದಿನ, 171 ಮೊಳೆತಿದೆ. ಭಾನುವಾರ ಬಾ ಮಗಾ. ಚೀಲ ನೀನೇ ತಾ, ನನ್ನ ಚೀಲ ಹೋದವು ಯಾವತ್ತೂ ವಾಪಸ್ ಬಂದಿಲ್ಲ.

ಡೈರಿ ಅಕ್ಕ

ತಾತ, ನನಗೂ ಎರಡು ಕೆಜಿ. ಚೀಲ ತರುತ್ತೇನೆ.